ಬೀದರಿನ ಆಕಾಶ, ಬೆಂಗಳೂರಿನ ಕಾರ್ಖಾನೆ, ಪರರ ಇಂಜಿನ್

(ಚಿಟಗುಪ್ಪದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಯುದ್ಧವಿಮಾನದ ಕುರಿತು ಮಾತನಾಡಲು ಚಿಟಗುಪ್ಪವೇ ಬೇಕಿತ್ತೇ ಎಂದು ಈ ಸಭೆಯ ಕರಪತ್ರ ನೋಡಿದ ಕೆಲವರು ಕೇಳಿದರಂತೆ. ತೊಗರಿಯ ಬೆಲೆ, ಕುಡಿಯುವ ನೀರು, ಹೆಣ್ಣುಮಕ್ಕಳ ಕಾಲೇಜು, ಗಲ್ಫ್‌ನಿಂದ ಮರಳಿದ ಯುವಕರ ಉದ್ಯೋಗ ಇವೆಲ್ಲ ಇರುವಾಗ ಆಕಾಶದ ಮಾತೇಕೆ ಎಂಬುದು ಅವರ ಆಕ್ಷೇಪ. ಆಕ್ಷೇಪ ಅನ್ಯಾಯದ್ದೇನಲ್ಲ. ಆದರೆ ಆ ಆಕಾಶ ನಮ್ಮ ಜಿಲ್ಲೆಯದೇ. ಬೀದರಿನ ವಾಯುಪಡೆ ಕೇಂದ್ರದಿಂದ ಮೇಲೇರುವ ತರಬೇತಿ ವಿಮಾನಗಳನ್ನು ನೋಡದೆ ಬೆಳೆದ ಮಕ್ಕಳು ಈ ಭಾಗದಲ್ಲಿ ವಿರಳ. ಅದಕ್ಕಿಂತ ಮುಖ್ಯವಾದುದೆಂದರೆ, ಅದರ ಖರ್ಚು ನಮ್ಮದು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವು 97 ತೇಜಸ್ ವಿಮಾನಗಳಿಗಾಗಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೊಂದಿಗೆ ಮಾಡಿಕೊಂಡ ಒಂದೇ ಒಪ್ಪಂದದ ಮೊತ್ತ, ತೆರಿಗೆಗಳನ್ನು ಬಿಟ್ಟು, 62,370 ಕೋಟಿ ರೂಪಾಯಿ. ಬೆಂಕಿಪೊಟ್ಟಣ ಕೊಳ್ಳುವ ಬಡವನೂ ಖಜಾನೆಗೆ ತೆರಿಗೆ ಕಟ್ಟುವ ದೇಶದಲ್ಲಿ ಇದರ ಲೆಕ್ಕ ಕೇಳುವ ಹಕ್ಕು ದೆಹಲಿಯ ತಜ್ಞರಿಗೆ ಮಾತ್ರ ಸೇರಿದ್ದೆಂದು ನಾವು ಭಾವಿಸುವುದಿಲ್ಲ.

ಹಾಗೆ ನೋಡಿದರೆ ಈ ನೆಲದವರು ಯುದ್ಧವಿಮಾನಕ್ಕೆ ಹಣ ತೆತ್ತುದು ಇದೇ ಮೊದಲಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್ನಿಗೆ ವಿಮಾನಗಳನ್ನು ಕಾಣಿಕೆಯಾಗಿ ಕೊಟ್ಟವರು ಹೈದರಾಬಾದಿನ ನಿಜಾಮರು. ಆ ತುಕಡಿಗೆ ‘ಹೈದರಾಬಾದ್ ಸ್ಕ್ವಾಡ್ರನ್’ ಎಂದೇ ಹೆಸರಾಯಿತು. ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣಗಳೆಲ್ಲ ಆಗ ನಿಜಾಮರ ಸಂಸ್ಥಾನದಲ್ಲಿದ್ದವು. ನಮ್ಮ ಮುತ್ತಜ್ಜಂದಿರು ಕಟ್ಟಿದ ಕಂದಾಯದಲ್ಲಿ ಒಂದಿಷ್ಟು ಪರರ ಯುದ್ಧಕ್ಕೆ, ಪರರ ಕಾರ್ಖಾನೆಯ ಯಂತ್ರಕ್ಕೆ ಹೋಯಿತು. ಅವರನ್ನು ಯಾರೂ ಕೇಳಲಿಲ್ಲ. ಇಂದು ನಾವು ಪ್ರಜೆಗಳು. ಕೇಳದಿದ್ದರೆ ತಪ್ಪು ನಮ್ಮದು.

ನಮ್ಮ ಜಿಲ್ಲೆಯಿಂದಲೇ ಆರಂಭಿಸೋಣ. ಬೀದರಿನಲ್ಲಿ ಇಂದು ತರಬೇತಿಗೆ ಬಳಕೆಯಾಗುವುದು ‘ಹಾಕ್’ ಎಂಬ ಜೆಟ್ ವಿಮಾನ. ಹೊಸ ಪೈಲಟ್ ಒಬ್ಬನು ನಿಧಾನಗತಿಯ ವಿಮಾನದಿಂದ ನೇರವಾಗಿ ಅತಿವೇಗದ ಯುದ್ಧವಿಮಾನಕ್ಕೆ ಏರಬಾರದು, ನಡುವೆ ಒಂದು ಮೆಟ್ಟಿಲು ಬೇಕು ಎಂಬುದು ವಾಯುಪಡೆಗೆ ಗೊತ್ತಿದ್ದ ವಿಷಯವೇ. 1982ರಲ್ಲಿ ಲಾ ಫೊಂಟೇನ್ ಸಮಿತಿಯು ಅದನ್ನು ಲಿಖಿತವಾಗಿ ಶಿಫಾರಸು ಮಾಡಿತು. ಆ ಮೆಟ್ಟಿಲನ್ನು ಖರೀದಿಸಲು ಒಪ್ಪಂದವಾದುದು ಯಾವಾಗ? 2004ರ ಮಾರ್ಚ್‌ನಲ್ಲಿ. ಇಪ್ಪತ್ತೆರಡು ವರ್ಷ! 66 ವಿಮಾನಗಳ ಪೈಕಿ 24 ಬ್ರಿಟನ್ನಿನಿಂದ ಬಂದವು, 42 ಬೆಂಗಳೂರಿನಲ್ಲಿ ಪರವಾನಗಿಯ ಮೇರೆಗೆ ತಯಾರಾಗುವಂತಾಯಿತು. 2008ರ ಫೆಬ್ರುವರಿಯಲ್ಲಿ ಬೀದರಿನಲ್ಲಿ ಅವುಗಳನ್ನು ಸೇವೆಗೆ ಸೇರಿಸಿಕೊಳ್ಳಲಾಯಿತು.

ಆ ಇಪ್ಪತ್ತೆರಡು ವರ್ಷಗಳಲ್ಲಿ ಕಡತಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿದ್ದಾಗ ಇಪ್ಪತ್ತೆರಡು ಇಪ್ಪತ್ಮೂರರ ಹರೆಯದ ಯುವಕರು ಮಿಗ್-21ರಂತಹ ಕಠಿಣ ವಿಮಾನದ ಮೇಲೆಯೇ ಕಲಿಯಬೇಕಾಯಿತು. ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿಯವರು 2012ರಲ್ಲಿ ರಾಜ್ಯಸಭೆಗೆ ಕೊಟ್ಟ ಲೆಕ್ಕ ಹೀಗಿದೆ: ದೇಶವು ಪಡೆದ 872 ಮಿಗ್ ವಿಮಾನಗಳಲ್ಲಿ 482 ಅಪಘಾತಗಳಲ್ಲಿ ನಾಶವಾದವು, 171 ಪೈಲಟ್‌ಗಳೂ 39 ನಾಗರಿಕರೂ ಪ್ರಾಣ ಕಳೆದುಕೊಂಡರು. ಎಲ್ಲ ಅಪಘಾತಗಳಿಗೂ ತರಬೇತಿಯ ಕೊರತೆಯೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಯಂತ್ರದೋಷಗಳಿದ್ದವು, ಹಕ್ಕಿ ಬಡಿದ ಪ್ರಸಂಗಗಳಿದ್ದವು. ಆದರೂ ವಿಮಾನದ ಆಯ್ಕೆ ಎಂಬುದು ಕೇವಲ ಬೆಲೆ ಮತ್ತು ವೇಗದ ಪ್ರಶ್ನೆಯಲ್ಲ, ಆಯ್ಕೆ ಮಾಡದೆ ಕೂರುವುದಕ್ಕೂ ಒಂದು ಬೆಲೆಯಿದೆ ಎಂಬುದಕ್ಕೆ ಬೀದರಿನ ಹಾಕ್‌ಗಿಂತ ಬೇರೆ ಸಾಕ್ಷಿ ಬೇಕಿಲ್ಲ. 2016ರಲ್ಲಿ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ಇದೇ ಬೀದರಿನಲ್ಲಿ ಇದೇ ಹಾಕ್ ಮೇಲೆ ಪಳಗಿದರು ಎಂಬುದನ್ನು ಸಹೋದರಿಯರು ಗಮನಿಸಬೇಕು.

ಇನ್ನು ಸ್ವದೇಶಿ ನಿರ್ಮಾಣದ ಮಾತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಅದಕ್ಕೆ ಜಾಗ ಒದಗಿಸಿ, ಬಂಡವಾಳದಲ್ಲಿ ಪಾಲು ಹಾಕಿದ್ದು ಮೈಸೂರು ಸರಕಾರ. ಆಗಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮುಂದೆ 1964ರಲ್ಲಿ ಇದೇ ಕಂಪೆನಿ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್ ಆಯಿತು. ದಿವಾನರ ಹೆಸರನ್ನು ನಾವು ಇಲ್ಲಿ ಎತ್ತಿದ್ದು ಹೆಮ್ಮೆಪಡುವುದಕ್ಕಾಗಿ ಮಾತ್ರವಲ್ಲ. ದೂರದೃಷ್ಟಿಯ ಆಡಳಿತಗಾರನೊಬ್ಬ ಸಕಾಲದಲ್ಲಿ ಒಂದು ಸಹಿ ಹಾಕಿದರೆ ಎಂಬತ್ತು ವರ್ಷಗಳ ನಂತರವೂ ಒಂದು ರಾಜ್ಯದ ಮಕ್ಕಳು ಅದರಿಂದ ಅನ್ನ ತಿನ್ನುತ್ತಾರೆ ಎಂಬುದನ್ನು ಹೇಳುವುದಕ್ಕಾಗಿ.

ಅದೇ ಬೆಂಗಳೂರಿನಲ್ಲಿ 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದಿಳಿದರು. ನೆಹರೂ ಅವರ ಸರಕಾರ ಅವರಿಗೆ ಒಪ್ಪಿಸಿದ ಕೆಲಸ ಸಣ್ಣದಲ್ಲ: ಸೈಕಲ್ಲಿನ ಭಾಗಗಳಿಗೂ ಪರದೇಶದತ್ತ ನೋಡುತ್ತಿದ್ದ ದೇಶವು ಶಬ್ದಕ್ಕಿಂತ ವೇಗವಾಗಿ ಹಾರುವ ಯುದ್ಧವಿಮಾನವನ್ನು ತಾನೇ ಕಟ್ಟಬೇಕು. ಐದೇ ವರ್ಷಗಳಲ್ಲಿ, 1961ರ ಜೂನ್ 17ರಂದು, ಸುರಂಜನ್ ದಾಸ್ ಎಂಬ ಪರೀಕ್ಷಾ ಪೈಲಟ್ ‘ಮರುತ್’ ವಿಮಾನವನ್ನು ಬೆಂಗಳೂರಿನ ಮೇಲೆ ಹಾರಿಸಿದರು. ವಿನ್ಯಾಸದಲ್ಲಿ ದೋಷ ಕಾಣದಷ್ಟು ಸುಂದರ ವಿಮಾನವದು. ಆದರೆ ಅದರ ಎದೆಯಲ್ಲಿದ್ದ ಇಂಜಿನ್ ಬ್ರಿಟಿಷರದು. ಮರುತ್‌ಗೆ ಬೇಕಾಗಿದ್ದ ಹೆಚ್ಚು ಶಕ್ತಿಯ ಇಂಜಿನನ್ನು ಅಭಿವೃದ್ಧಿಪಡಿಸಲು ಆ ಕಂಪೆನಿ ಹಣ ಕೇಳಿತು, ನಾವು ಕೊಡಲಿಲ್ಲ. ಉಳಿತಾಯ ಮಾಡಿದೆವೆಂದು ಅಂದು ಯಾರೋ ತೃಪ್ತಿಪಟ್ಟಿರಬಹುದು. ಪರಿಣಾಮವಾಗಿ ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಲ್ಪಿಸಿದ್ದ ವಿಮಾನವು ಶಬ್ದದ ವೇಗದ ಹೊಸ್ತಿಲಲ್ಲೇ ನಿಂತಿತು. ಒಬ್ಬ ಪೈಲ್ವಾನನಿಗೆ ಮಗುವಿನ ಊಟ ಹಾಕಿ ಕುಸ್ತಿಗೆ ಬಿಟ್ಟಂತೆ.

ಇಲ್ಲೊಂದು ಮರೆತುಹೋದ ಅಧ್ಯಾಯವನ್ನು ಹೇಳಬೇಕು. ಅದೇ ಕಾಲದಲ್ಲಿ ಜಮಾಲ್ ಅಬ್ದುಲ್ ನಾಸಿರ್ ಅವರ ಈಜಿಪ್ಟ್ ಕೂಡ ಕೈರೋ ಸಮೀಪದ ಹೆಲ್ವಾನ್‌ನಲ್ಲಿ ತನ್ನದೇ ಯುದ್ಧವಿಮಾನವನ್ನು ಕಟ್ಟಲು ಹೊರಟಿತ್ತು. ಅವರ ಬಳಿ ಹೊಸ ಇಂಜಿನ್ ರೂಪುಗೊಳ್ಳುತ್ತಿತ್ತು. ನಮ್ಮ ಬಳಿ ಇಂಜಿನ್ ಇಲ್ಲದ ವಿಮಾನವಿತ್ತು. ಎರಡು ಅಲಿಪ್ತ ದೇಶಗಳು ಕೈಜೋಡಿಸಿದವು. 1964ರ ಮಾರ್ಚ್‌ನಲ್ಲಿ ಈಜಿಪ್ಟಿನ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ! 1966ರಲ್ಲಿ ಒಂದು ಮರುತ್ ವಿಮಾನವನ್ನು ಹೆಲ್ವಾನ್‌ಗೆ ಕಳುಹಿಸಿ ಅದಕ್ಕೆ ಈಜಿಪ್ಟಿನ ಇಂಜಿನ್ ಅಳವಡಿಸಲಾಯಿತು, 1967ರ ಮಾರ್ಚ್‌ನಲ್ಲಿ ಅದು ಹಾರಿತು ಕೂಡ. ಜೂನ್‌ನಲ್ಲಿ ಯುದ್ಧ ಬಂದಿತು. ಸೋತು ಬಸವಳಿದ ಈಜಿಪ್ಟ್ 1969ರಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಆ ಇಂಜಿನ್ ಪೂರ್ಣಗೊಂಡಿದ್ದರೆ ಏಷ್ಯಾ ಆಫ್ರಿಕಗಳ ಹೊಸ ರಾಷ್ಟ್ರಗಳು ಯಾರ ಬಾಗಿಲನ್ನೂ ತಟ್ಟದ ಒಂದು ದಾರಿ ತೆರೆಯುತ್ತಿತ್ತೋ ಏನೋ. ಇತ್ತ ಬೆಂಗಳೂರಿನಲ್ಲಿ ಇದ್ದ ಇಂಜಿನನ್ನೇ ಬಲಪಡಿಸುವ ಪ್ರಯತ್ನ ನಡೆಯಿತು. ಅಂತಹ ಒಂದು ವಿಮಾನವನ್ನು ಪರೀಕ್ಷಿಸುತ್ತಿದ್ದಾಗಲೇ 1970ರ ಜನವರಿಯಲ್ಲಿ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಅದರಲ್ಲಿ ನಿತ್ಯ ಓಡಾಡುವ ಎಷ್ಟು ಮಂದಿಗೆ ಆ ಹೆಸರು ಯಾರದೆಂದು ಗೊತ್ತು?

ಒಟ್ಟು 147 ಮರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅವು ಚೆನ್ನಾಗಿಯೇ ಕೆಲಸ ಮಾಡಿದವು. 1990ರ ವೇಳೆಗೆ ನಿವೃತ್ತವಾದವು. ಅವುಗಳಿಗೆ ಉತ್ತರಾಧಿಕಾರಿಯನ್ನು ಕಟ್ಟುವ ಕೆಲಸ ಮಾತ್ರ ನಡುವೆ ನಿಂತುಹೋಗಿತ್ತು. ಕಲಿತ ವಿದ್ಯೆ ಮರೆತುಹೋಗಲು ಒಂದು ತಲೆಮಾರು ಸಾಕು.

ಪರರ ಇಂಜಿನ್ ಎಂದರೇನು ಎಂಬುದನ್ನು ಜಗತ್ತಿಗೆ ತಿಳಿಸಿದ ಇನ್ನೊಂದು ಪ್ರಸಂಗ 1978ರದು. ಶತ್ರುಪ್ರದೇಶದ ಒಳಗೆ ನುಗ್ಗಿ ದಾಳಿ ಮಾಡಬಲ್ಲ ವಿಮಾನಕ್ಕಾಗಿ ಭಾರತ ಹುಡುಕುತ್ತಿತ್ತು. ಸ್ವೀಡನ್ನಿನ ವಿಗ್ಗೆನ್, ಫ್ರಾನ್ಸಿನ ಮಿರಾಜ್, ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಕಟ್ಟಿದ ಜಾಗ್ವಾರ್ ಸ್ಪರ್ಧೆಯಲ್ಲಿದ್ದವು. ಸ್ವೀಡನ್ ಮಾರಲು ಸಿದ್ಧವಿತ್ತು. ಆದರೆ ಅದರ ಇಂಜಿನ್ ಅಮೆರಿಕದ ಮೂಲದ್ದು; ವಾಷಿಂಗ್ಟನ್ ಬೇಡವೆಂದಿತು. ಅಲ್ಲಿಗೆ ಮುಗಿಯಿತು. ವಿಮಾನ ಯಾರದೇ ಇರಲಿ, ಇಂಜಿನ್ ಯಾರದೋ ಹುಕುಂ ಅವರದು.

ಕೊನೆಗೆ ಜಾಗ್ವಾರ್ ಆಯ್ಕೆಯಾಯಿತು. ಆ ನಿರ್ಧಾರಕ್ಕೆ ಸರಕಾರವನ್ನು ಒಪ್ಪಿಸುವಲ್ಲಿ ಪ್ರಮುಖ ಪಾತ್ರ ವಹಿಸಿದವರು ಅಂದಿನ ವಾಯುಪಡೆ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಇದ್ರೀಸ್ ಹಸನ್ ಲತೀಫ್. 1923ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಅವರು ನಮ್ಮ ಹಳೆಯ ಸಂಸ್ಥಾನದವರೇ. ದೇಶ ವಿಭಜನೆಯಾದಾಗ, ಮುಂದೆ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾದ ಅಸ್ಗರ್ ಖಾನ್ ಮತ್ತು ನೂರ್ ಖಾನ್ ಅವರನ್ನು ತಮ್ಮೊಡನೆ ಬರುವಂತೆ ಕರೆದರು. ಅವರು ಹೋಗಲಿಲ್ಲ. 1978ರಿಂದ 1981ರವರೆಗೆ ಭಾರತೀಯ ವಾಯುಪಡೆಯನ್ನು ಮುನ್ನಡೆಸಿದರು, ಆ ಬಳಿಕ ಮಹಾರಾಷ್ಟ್ರದ ರಾಜ್ಯಪಾಲರಾದರು, ಫ್ರಾನ್ಸಿನಲ್ಲಿ ರಾಯಭಾರಿಯಾದರು. ನಮ್ಮ ದೇಶಪ್ರೇಮಕ್ಕೆ ಆಗಾಗ ಪ್ರಮಾಣಪತ್ರ ಕೇಳುವವರಿಗೆ ಈ ಹೆಸರು ನೆನಪಾಗುವುದಿಲ್ಲ. ಅದು ಅವರ ದೌರ್ಬಲ್ಯ. ನಮ್ಮ ಮನೆಗಳ ಮಕ್ಕಳಿಗೂ ಈ ಹೆಸರು ಗೊತ್ತಿಲ್ಲವಲ್ಲ, ಅದಕ್ಕೆ ಹೊಣೆ ಯಾರು? ಜಾಗ್ವಾರ್‌ಗಳ ಮೊದಲ ಕಂತು ಹೊರಗಿನಿಂದ ಬಂದಿತು, ಉಳಿದವು ಬೆಂಗಳೂರಿನಲ್ಲಿ ಪರವಾನಗಿಯ ಮೇರೆಗೆ ತಯಾರಾದವು.

ಪರವಾನಗಿಯ ತಯಾರಿಕೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದರ್ಜಿಯೊಬ್ಬನಿಗೆ ಕತ್ತರಿಸಿದ ಬಟ್ಟೆ ಕೊಟ್ಟು ಹೊಲಿಯಲು ಹೇಳುವುದು ಬೇರೆ. ಅಳತೆ ತೆಗೆದು, ಕತ್ತರಿಸಿ, ಹೊಲಿಯುವುದು ಬೇರೆ. ನಾಸಿಕದಲ್ಲಿ ಮಿಗ್ ಮತ್ತು ಸುಖೋಯ್, ಬೆಂಗಳೂರಿನಲ್ಲಿ ಜಾಗ್ವಾರ್ ಮತ್ತು ಹಾಕ್ ಇವೆಲ್ಲ ಬಹುಪಾಲು ಮೊದಲ ಬಗೆಯವು. ಕೈಗೆ ಕೆಲಸ ಸಿಗುತ್ತದೆ, ಕೌಶಲ ಬೆಳೆಯುತ್ತದೆ, ಆದರೆ ನಕ್ಷೆಯ ಒಂದು ಗೆರೆಯನ್ನು ಬದಲಿಸಬೇಕೆಂದರೂ ಪರದೇಶಕ್ಕೆ ಪತ್ರ ಬರೆಯಬೇಕು. ತೇಜಸ್ ಎರಡನೆಯ ಬಗೆಯದು. ಅದರ ಹಿರಿಮೆ ಇರುವುದು ಅಲ್ಲಿಯೇ.

ಹಗುರ ಯುದ್ಧವಿಮಾನದ ಯೋಜನೆಗೆ 1983ರಲ್ಲಿ ಮಂಜೂರಾತಿ ದೊರೆಯಿತು. ಮರುವರ್ಷ ಬೆಂಗಳೂರಿನಲ್ಲಿ ಅದಕ್ಕೆಂದೇ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾಯಿತು. ಕೋಟ ಹರಿನಾರಾಯಣ ಅವರು ಯೋಜನೆಯನ್ನು ಮುನ್ನಡೆಸಿದರು. ರಕ್ಷಣಾ ಸಂಶೋಧನೆಯ ಚುಕ್ಕಾಣಿ 1992ರಿಂದ 1999ರವರೆಗೆ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಕೈಯಲ್ಲಿತ್ತು. ಯೌವನದಲ್ಲಿ ವಾಯುಪಡೆಯ ಪೈಲಟ್ ಆಗಬಯಸಿ, ಎಂಟು ಮಂದಿಯ ಆಯ್ಕೆಯಲ್ಲಿ ಒಂಬತ್ತನೆಯವರಾಗಿ ಉಳಿದವರು ಅವರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತರಬೇತಿ ಪಡೆದು ಇಂಜಿನುಗಳನ್ನು ಬಿಚ್ಚಿ ಜೋಡಿಸಲು ಕಲಿತಿದ್ದರು.

1998ರ ಪೋಖ್ರಾನ್ ಪರೀಕ್ಷೆಗಳ ನಂತರ ಅಮೆರಿಕ ದಿಗ್ಬಂಧನ ಹೇರಿತು. ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಲ್ಲಿನ ಕಂಪೆನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಇಂಜಿನಿಯರುಗಳನ್ನು ಹಿಂದಕ್ಕೆ ಕಳುಹಿಸಲಾಯಿತು. ಬಾಲವಿಲ್ಲದ ತ್ರಿಕೋನ ರೆಕ್ಕೆಯ ಈ ವಿಮಾನವು ಗಣಕಯಂತ್ರದ ಸಹಾಯವಿಲ್ಲದೆ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲದು. ಆದುದರಿಂದ ಆ ವ್ಯವಸ್ಥೆಯೇ ಅದರ ನರಮಂಡಲ. ನಮ್ಮವರು ಅದನ್ನು ಇಲ್ಲಿಯೇ ಪೂರ್ಣಗೊಳಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅದನ್ನು ಬೆಂಗಳೂರಿನಲ್ಲಿ ಹಾರಿಸಿದರು. ರೆಕ್ಕೆಗಳಿಗೆ ಬೇಕಾದ ಇಂಗಾಲದ ನಾರಿನ ಹಗುರ ಭಾಗಗಳೂ ಬೆಂಗಳೂರಿನ ರಾಷ್ಟ್ರೀಯ ಪ್ರಯೋಗಾಲಯದ ಶ್ರಮದಿಂದಲೇ ಬಂದವು. ಇಷ್ಟನ್ನು ಹೆಮ್ಮೆಯಿಂದ ಹೇಳಬಹುದು.

ಆದರೆ ಇಂಜಿನ್? ಮತ್ತೆ ಅದೇ ಕಥೆ. ‘ಕಾವೇರಿ’ ಎಂಬ ಸ್ವದೇಶಿ ಇಂಜಿನ್‌ಗೆ 1989ರಲ್ಲಿ ಮಂಜೂರಾತಿ ದೊರೆಯಿತು; ಬೇಕಾದ ಶಕ್ತಿ ಬಾರದೆ 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ತೇಜಸ್ ಇಂದಿಗೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಇಂಜಿನ್‌ನಿಂದ ಹಾರುತ್ತದೆ. 2021ರಲ್ಲಿ 83 ಸುಧಾರಿತ ತೇಜಸ್‌ಗಳಿಗೆ ಸುಮಾರು 48,000 ಕೋಟಿ ರೂಪಾಯಿಯ ಬೇಡಿಕೆ ಸಲ್ಲಿಸಲಾಯಿತು, ಅದೇ ವರ್ಷ 99 ಇಂಜಿನ್‌ಗಳಿಗೂ ಒಪ್ಪಂದವಾಯಿತು. ಮೊದಲ ಇಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. 2024ರ ಆರಂಭದಿಂದಲೇ ಬರಬೇಕಿದ್ದ ಈ ವಿಮಾನಗಳಲ್ಲಿ ಒಂದೂ 2025ರ ಅಂತ್ಯದವರೆಗೆ ವಾಯುಪಡೆಗೆ ಹಸ್ತಾಂತರವಾಗಲಿಲ್ಲ. ಅದೇ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಕೊನೆಯ ವಿದಾಯ ಹೇಳಲಾಯಿತು. 42 ಸ್ಕ್ವಾಡ್ರನ್‌ಗಳು ಇರಬೇಕಾದಲ್ಲಿ 29 ಉಳಿದವು.

ಎಲ್ಲ ತಪ್ಪನ್ನೂ ಅಮೆರಿಕದ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ವಿಮಾನ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥರೇ ಎಚ್‌ಎಎಲ್‌ನ ವಿಳಂಬದ ಬಗ್ಗೆ ತಮ್ಮ ಅಸಮಾಧಾನವನ್ನು ಬಚ್ಚಿಡಲಿಲ್ಲ. ಸ್ವದೇಶಿ ಎಂಬ ಹೆಸರಿದ್ದ ಮಾತ್ರಕ್ಕೆ ಯಾರೂ ಪ್ರಶ್ನಾತೀತರಾಗುವುದಿಲ್ಲ. ಆ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಪತನಗೊಂಡು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಮೃತಪಟ್ಟಾಗ ನಮ್ಮ ಊರುಗಳಿಂದ ದುಬೈಗೆ ಹೋದ ಎಷ್ಟೋ ಸಹೋದರರು ದುಃಖಪಟ್ಟರು. ಅದನ್ನು ಗೇಲಿ ಮಾಡಿದವರೂ ಇದ್ದರು. ಸತ್ತ ಯೋಧನ ಮನೆಯವರ ಮುಂದೆ ನಿಂತು ಆಡಲಾಗದ ಮಾತನ್ನು ಮೊಬೈಲಿನಲ್ಲಿಯೂ ಆಡಬಾರದು.

ರಫೇಲ್ ವಿಷಯವನ್ನು ಬಿಟ್ಟರೆ ಮಾತು ಅಪೂರ್ಣವಾದೀತು. 2007ರಲ್ಲಿ 126 ವಿಮಾನಗಳಿಗೆ ಟೆಂಡರ್ ಕರೆಯಲಾಯಿತು. ಆರು ವಿಮಾನಗಳು ಸ್ಪರ್ಧಿಸಿದವು, ಲಡಾಖಿನ ಚಳಿಯಿಂದ ಮರುಭೂಮಿಯ ಬಿಸಿಲಿನವರೆಗೆ ಪರೀಕ್ಷೆಗಳಾದವು, 2012ರಲ್ಲಿ ರಫೇಲ್ ಗೆದ್ದಿತು. 18 ವಿಮಾನಗಳು ಸಿದ್ಧವಾಗಿ ಬರಬೇಕು, 108 ಎಚ್‌ಎಎಲ್‌ನಲ್ಲಿ ತಯಾರಾಗಬೇಕು ಎಂಬುದು ಷರತ್ತು. ಮಾತುಕತೆ ಮೂರು ವರ್ಷ ಎಳೆಯಿತು. 2015ರ ಏಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಪ್ಯಾರಿಸ್‌ನಲ್ಲಿ, ಸಿದ್ಧವಾದ 36 ವಿಮಾನಗಳನ್ನು ಕೊಳ್ಳುವುದಾಗಿ ಘೋಷಿಸಿದರು. 2016ರಲ್ಲಿ ಸುಮಾರು 59,000 ಕೋಟಿ ರೂಪಾಯಿಯ ಒಪ್ಪಂದವಾಯಿತು. ಎಚ್‌ಎಎಲ್ ಚಿತ್ರದಿಂದ ಹೊರಗುಳಿಯಿತು. ಬೆಲೆಯ ಕುರಿತು ದೊಡ್ಡ ವಿವಾದವೆದ್ದಿತು. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನಿಖೆಯ ಅರ್ಜಿಗಳನ್ನು ತಳ್ಳಿಹಾಕಿತು, ಮರುವರ್ಷ ಮಹಾಲೇಖಪಾಲರ ವರದಿಯು ಹಿಂದಿನ ಪ್ರಸ್ತಾವಕ್ಕಿಂತ ಈ ಬೆಲೆ ಶೇ. 2.86ರಷ್ಟು ಕಡಿಮೆ ಎಂದಿತು. ಬೆಲೆಯ ಜಗಳದಲ್ಲಿ ಪತ್ರಿಕೆಗಳು ಮುಳುಗಿದ್ದಾಗ ಬೆಂಗಳೂರಿನಲ್ಲಿ ತಯಾರಾಗಬೇಕಿದ್ದ 108 ವಿಮಾನಗಳ ಬಗ್ಗೆ, ಅದರೊಂದಿಗೆ ಬರಬೇಕಿದ್ದ ಕೆಲಸ ಮತ್ತು ತಂತ್ರಜ್ಞಾನದ ಬಗ್ಗೆ ಕನ್ನಡಿಗರಾದ ನಾವು ಎಷ್ಟು ಗಟ್ಟಿಯಾಗಿ ಕೇಳಬೇಕಿತ್ತೋ ಅಷ್ಟು ಕೇಳಲಿಲ್ಲ ಎಂಬುದೇ ನಮ್ಮ ಕೊರಗು.

ಶಸ್ತ್ರಾಸ್ತ್ರಕ್ಕೆ ಸುರಿಯುವ ಹಣದಲ್ಲಿ ಎಷ್ಟು ಆಸ್ಪತ್ರೆಗಳಾಗುತ್ತಿದ್ದವು ಎಂದು ಕೇಳುವವರನ್ನು ನಾವು ದೇಶದ್ರೋಹಿಗಳೆಂದು ಕರೆಯುವುದಿಲ್ಲ. ಯುದ್ಧವು ಸಂಭ್ರಮಿಸುವ ವಸ್ತುವಲ್ಲ. ಆದರೆ ನೆರೆಯಲ್ಲಿ ಎರಡು ಅಣ್ವಸ್ತ್ರ ದೇಶಗಳಿರುವಾಗ ವಾಯುಪಡೆಯೇ ಬೇಡವೆನ್ನುವ ಸ್ಥಿತಿಯಲ್ಲಿ ನಾವಿಲ್ಲ. ಹೇಗೂ ಖರ್ಚಾಗುವ ಹಣವು ಪ್ಯಾರಿಸ್‌ನ ಅಥವಾ ಮಾಸ್ಕೋದ ಕಾರ್ಮಿಕನಿಗೆ ಸೇರಬೇಕೇ, ಬೆಂಗಳೂರು, ನಾಸಿಕ, ತುಮಕೂರುಗಳ ಕಾರ್ಮಿಕನಿಗೆ ಸೇರಬೇಕೇ ಎಂಬುದಷ್ಟೇ ಉಳಿದ ಪ್ರಶ್ನೆ. 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಫ್ರಾನ್ಸಿನ ಸಫ್ರಾನ್ ಕಂಪೆನಿಯೊಂದಿಗೆ ಸೇರಿ ಇಂಜಿನನ್ನು ದೇಶದಲ್ಲಿಯೇ ರೂಪಿಸುವುದಾಗಿ ಹೇಳಿದ್ದಾರೆ. ಮರುತ್‌ನ ಕಾಲದಲ್ಲಿ ಕೊಡದ ಹಣವನ್ನು ಈಗ ಹತ್ತಾರು ಪಟ್ಟು ಕೊಡುತ್ತಿದ್ದೇವೆ. ತಡವಾಯಿತು, ಆದರೂ ಕೊಡಲೇಬೇಕು. ನಡುವೆ ಸರಕಾರ ಬದಲಾದರೆ ನಿಲ್ಲಿಸಬಾರದು.

ಕೊನೆಯದಾಗಿ ನಮ್ಮ ಮನೆಗಳ ಮಾತು. ಸಾರ್ವಜನಿಕ ಉದ್ದಿಮೆಗಳಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆಯೆಂದು 2006ರಲ್ಲಿಯೇ ಸಾಚಾರ್ ಸಮಿತಿ ತೋರಿಸಿತ್ತು. ತಾರತಮ್ಯವಿದ್ದಲ್ಲಿ ಪ್ರತಿಭಟಿಸೋಣ. ಆದರೆ ಅರ್ಜಿಯನ್ನೇ ಹಾಕದವನಿಗೆ ಯಾರು ತಾನೇ ತಾರತಮ್ಯ ಮಾಡಬಲ್ಲರು? ಹುಮನಾಬಾದಿನ ಗ್ಯಾರೇಜುಗಳಲ್ಲಿ, ಚಿಟಗುಪ್ಪದ ವೆಲ್ಡಿಂಗ್ ಅಂಗಡಿಗಳಲ್ಲಿ ಇಂಜಿನಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ಹುಡುಗರಿದ್ದಾರೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಐಟಿಐ ಓದದ ಕಾರಣ ಅವರ ಕೌಶಲಕ್ಕೆ ಕಾಗದದ ಬಲವಿಲ್ಲ. ಫಿಟ್ಟರ್, ಟರ್ನರ್, ಮಶಿನಿಸ್ಟ್, ಎಲೆಕ್ಟ್ರಿಷಿಯನ್, ವೆಲ್ಡರ್ ಐಟಿಐ ಮುಗಿಸಿದವರನ್ನು, ಡಿಪ್ಲೊಮಾ ಓದಿದವರನ್ನು ಎಚ್‌ಎಎಲ್ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ. ಪ್ರಕಟಣೆಗಳು ಬರುತ್ತವೆ, ನಮ್ಮ ಓಣಿಗಳಿಗೆ ಮುಟ್ಟುವುದಿಲ್ಲ. ಪೈಲಟ್ ಆಗಬೇಕೆನ್ನುವ ಮಗನೋ ಮಗಳೋ ಇದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಬಿಡಿಸಬೇಡಿ. ಎನ್‌ಡಿಎ ಪ್ರವೇಶ ಪರೀಕ್ಷೆಗೆ ಹುಡುಗಿಯರಿಗೂ ಈಗ ಬಾಗಿಲು ತೆರೆದಿದೆ. ಗಣಿತ ಕಷ್ಟವೆಂದು ಹತ್ತನೆಯ ತರಗತಿಯ ನಂತರ ಬಿಡಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳವಿದೆ.

ಇಲ್ಲಿನ ಶಿಕ್ಷಕರು ಈ ಪ್ರಕಟಣೆಗಳನ್ನು ಶಾಲೆಯ ಫಲಕದಲ್ಲಿ ಹಚ್ಚಲು, ಅರ್ಜಿ ತುಂಬಲು ನೆರವಾಗಲು ಒಪ್ಪಿದ್ದಾರೆ. ಐಟಿಐ ಮುಗಿಸಿದವರು ಇಂದು ಸಭೆಯಲ್ಲಿದ್ದರೆ ಹೋಗುವ ಮುನ್ನ ಅವರ ಬಳಿ ಹೆಸರು ಬರೆಸಿ ಹೋಗಬೇಕು. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು.